ಪ್ರಭಣ್ಣನ ಕೆಂಪು ಕಾರು ಕುದಿಯುತ್ತಿದ್ದ ಬೇಸಿಗೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನನ್ನ ಹೆಂಡತಿ ನನ್ನ ಜೊತೆ ಇಷ್ಟು ವರ್ಷ ಬಾಳಿಯೂ ನಂಬಿಲ್ಲ, ಇನ್ನು ನೀವು ಯಾವ ಲೆಕ್ಕ. ಎಪ್ಪತ್ತರ ದಶಕದ ಚಿತ್ರದುರ್ಗದಲ್ಲಿ, ಜಟಕಾ, ಸೈಕಲ್ಲು, ಕಡಲೆಕಾಯಿ ಹೇರಿದ ಲಾರಿಗಳ ನಡುವೆ, ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಳವಿಲ್ಲದ, ಒಣಮೆಣಸಿನಕಾಯಿಯಷ್ಟು ಕೆಂಪಗಿನ ವಿಲಾಯಿತಿ ಕಾರೊಂದು ಓಡಾಡುತ್ತಿತ್ತು. ಅದರ ರೇಡಿಯೇಟರಿನೊಳಗೆ ಅಂಬಲಿ ಬೆಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಣಸೆಹಣ್ಣು ಕಿವುಚಿ ಅದನ್ನು ತೊಳೆದಿದ್ದೇನೆ. ತಿಪ್ಪೆಯ ಮೇಲೆ ಹತ್ತಿಸಿ ಅದಕ್ಕೆ ನೀರು ಕುಡಿಸಿದ್ದೇನೆ. ನಗಬೇಡಿ, ಅಥವಾ ನಗಿ, ನನಗೇನು.

ಆಮೇಲೆ ನಾನು ಬಸ್ ಡಿಪೋ ಸೇರಿದೆ, ಮೇಲಕ್ಕೇರಿದೆ, ನಿವೃತ್ತನಾದೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಅದರ ಬಗ್ಗೆ ಇಷ್ಟು ಸಾಕು. ಬಡ್ತಿಯ ಕಥೆಯಿಂದ ಯಾರ ಎಂಜಿನ್ನೂ ತಣ್ಣಗಾಗುವುದಿಲ್ಲ. ಈಗ ಈ ಕಸುಬಿಗೆ ಬರುತ್ತಿರುವ ಹುಡುಗರಿಗೆ ನಾನು ಹೇಳಬೇಕಾದ್ದು ಆ ಒಂದು ಬೇಸಿಗೆಯ ಕಥೆ. ಸಿಟ್ಟಿನಲ್ಲೇ ಹೇಳುತ್ತೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ನನಗಿಲ್ಲ.

ಆಗ ನನಗೆ ಹತ್ತೊಂಬತ್ತು. ದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ಪೂರಾ ಕೂಲಿಯ ಮೆಕ್ಯಾನಿಕ್. ಇಡೀ ಜಿಲ್ಲೆಯಲ್ಲಿ ನನ್ನಷ್ಟು ಎಂಜಿನ್ ಬಲ್ಲವರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಗ್ಯಾರೇಜಿನ ಒಡೆಯ ರುದ್ರಪ್ಪ ಮೇಸ್ತ್ರಿಯ ಖಚಿತ ಅಭಿಪ್ರಾಯವೂ ಅದೇ ಆಗಿತ್ತು, ಆದರೆ ಅವನ ವಿಷಯದಲ್ಲಿ. ಒಂದು ತಗಡಿನ ಮಾಡಿನ ಕೆಳಗೆ ಇಬ್ಬರು ಸರ್ವಜ್ಞರಿದ್ದರೆ ಹೇಗಿರುತ್ತದೋ ಹಾಗಿತ್ತು ನಮ್ಮ ದಿನಚರಿ.

ಈ ಮೇಸ್ತ್ರಿಗೆ ಒಂದು ಚಟವಿತ್ತು. ಅವನ ಕೈಗೆ ಯಾವ ಕಾರು ಸಿಕ್ಕರೂ ಮೊದಲು ಅದರ ಥರ್ಮೋಸ್ಟ್ಯಾಟ್ ಕೀಳುವುದು. ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ಒಳಗೇ ಹಿಡಿದಿಟ್ಟು, ಆಮೇಲೆ ರೇಡಿಯೇಟರಿನತ್ತ ಬಿಡುವ ಹಿತ್ತಾಳೆಯ ಬಾಗಿಲು. ಚಳಿ ದೇಶದವರು ಚಳಿಗೆ ಹೆದರಿ ಇಟ್ಟುಕೊಂಡ ವಸ್ತು ಅದು, ಏಪ್ರಿಲ್ಲಿನಲ್ಲಿ ಬಂಡೆಯೇ ಬೆವರುವ ದುರ್ಗಕ್ಕೆ ಅದೇಕೆ ಎಂದು ಅವನ ವಾದ. ಕಿತ್ತ ಬಾಗಿಲುಗಳನ್ನು ಎಸೆಯುತ್ತಲೂ ಇರಲಿಲ್ಲ. ತಂತಿಗೆ ಪೋಣಿಸಿ ಗ್ಯಾರೇಜಿನ ಬಾಗಿಲಿಗೆ ತೋರಣ ಕಟ್ಟಿದ್ದ. ಗಾಳಿ ಬಂದರೆ ಕಿಣಿಕಿಣಿ ಎನ್ನುತ್ತಿತ್ತು. ಹೊರ ಊರಿನವರು ಅದನ್ನು ದೇವಸ್ಥಾನವೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದದ್ದುಂಟು. ಸರಿ, ಒಬ್ಬ ಬಂದಿದ್ದ. ಅವನಿಗೂ ಕಣ್ಣು ಮಂದವಿತ್ತು.

ಆ ಗ್ಯಾರೇಜಿಗೆ ಕೆಂಪು ಕಾರನ್ನು ತಂದವನು ಪ್ರಭಣ್ಣ. ಹತ್ತಿ ಮಂಡಿಯ ಮಲ್ಲಣ್ಣ ಯಜಮಾನರ ಒಬ್ಬನೇ ಮಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬಾಬಾಬುಡನ್ ಬೆಟ್ಟದ ಕಡೆ ಯಾವುದೋ ಎಸ್ಟೇಟಿನ ಬಿಳಿಯನೊಬ್ಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಆ ಕಾರನ್ನು ಇವನಿಗೆ ಮಾರಿದ್ದ. ಬೆಟ್ಟದ ತಂಪಿನಲ್ಲಿ ಮಹಾರಾಣಿಯ ಹಾಗೆ ಇದ್ದ ಕಾರು, ದುರ್ಗದ ಬಿಸಿಲಿಗೆ ಇಳಿದದ್ದೇ ತಡ, ಗೊಣಗತೊಡಗಿತು.

ಹುಡುಗರೇ, ಇಲ್ಲಿ ಸ್ವಲ್ಪ ಕಿವಿ ಕೊಡಿ. ಈಗ ನೀವು ವೈರು ಸಿಕ್ಕಿಸಿ ಪರದೆ ನೋಡುತ್ತೀರಿ. ನಮಗಿದ್ದದ್ದು ಕಿವಿ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಎಂದರೆ ನೀರಿನೊಳಗೆ ಗಾಳಿ ಸೇರಿದೆ. ರೇಡಿಯೇಟರಿನ ಮುಚ್ಚಳದ ಬಳಿ ಸುಯ್ ಎಂದರೆ ಅದರ ರಬ್ಬರು ಹೋಗಿದೆ. ಎಂಜಿನ್ ನಿಂತ ಮೇಲೆ ಟಿಕ್ ಟಿಕ್ ಎಂದರೆ ಕಬ್ಬಿಣ ತಣಿಯುತ್ತಿದೆ, ಹೆದರಬೇಡಿ. ಆದರೆ ಹೊಟ್ಟೆಯೊಳಗಿಂದ ಗೊರಗೊರ ಬಂದರೆ ಎಲ್ಲೋ ಒಂದು ಕಡೆ ನೀರು ಕುದಿಯುತ್ತಿದೆ. ಪ್ರಭಣ್ಣನ ಕಾರು ಬಂದ ದಿನ ಮಾಡಿದ್ದು ಬರೀ ಗುಳುಗುಳು. ಗಾಳಿ ತೆಗೆದು ನೀರು ತುಂಬಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದೆ. ಮೇಸ್ತ್ರಿ ನನ್ನತ್ತ ನೋಡಲೂ ಇಲ್ಲ. ಥರ್ಮೋಸ್ಟ್ಯಾಟ್ ಕಿತ್ತು ತೋರಣಕ್ಕೆ ಸೇರಿಸಿ, ಈಗ ನೀರು ಹೊಳೆಯ ಹಾಗೆ ಹರಿಯುತ್ತದೆ, ಹೋಗಿ ಬಾ ಎಂದು ಪ್ರಭಣ್ಣನ ಬೆನ್ನು ತಟ್ಟಿದ.

ಪ್ರಭಣ್ಣ ಹೋದ. ಎಲ್ಲಿಗೆ ಅಂತೀರಿ, ಹಿರಿಯೂರಿಗೆ, ಮಟಮಟ ಮಧ್ಯಾಹ್ನ, ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾರಿಗೇ ಏರತೊಡಗಿ, ಹಿರಿಯೂರು ಕಾಣುವ ಹೊತ್ತಿಗೆ ಕೆಂಪು ಗೆರೆ ದಾಟಿತು. ಬಾನೆಟ್ಟಿನಿಂದ ಎದ್ದ ಹಬೆಯಲ್ಲಿ ಒಂದು ಮದುವೆಗಾಗುವಷ್ಟು ಇಡ್ಲಿ ಬೇಯಿಸಬಹುದಿತ್ತು. ರೇಡಿಯೇಟರಿನ ಕೆಳಗಿನ ಬೆಸುಗೆ ಬಿಟ್ಟು ನೀರು ಸೋರುತ್ತಿತ್ತು. ನಾನು ಬಕೆಟ್ಟು ಹುಡುಕಲು ತೋಟದ ಕಡೆ ಹೋದೆ. ವಾಪಸ್ ಬರುವಷ್ಟರಲ್ಲಿ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ, ಕರುಣೆ ಉಕ್ಕಿ, ತನ್ನ ಲಾರಿಗೆ ಮಾಡುವ ವೈದ್ಯವನ್ನೇ ಇದಕ್ಕೂ ಮಾಡಿ ಮುಗಿಸಿದ್ದ. ಒಂದು ಪೊಟ್ಟಣ ಅರಿಶಿನದ ಪುಡಿ, ಮೇಲೆ ಎರಡು ಬೊಗಸೆ ರಾಗಿ ಹಿಟ್ಟು.

"ಸೋರಾದು ನಿಂತೈತೆ ನೋಡಪ್ಪ," ಎಂದ, ಕೈ ಒರೆಸಿಕೊಳ್ಳುತ್ತಾ. "ಇನ್ನೇನ್ ಬೇಕು ನಿನಗೆ."

ನಿಂತಿತ್ತು, ಸುಳ್ಳಲ್ಲ. ಲಾರಿಯ ರೇಡಿಯೇಟರು ಊರಿನ ಕೆರೆಯಿದ್ದ ಹಾಗೆ, ಒಂದು ಮೂಲೆ ಹೂಳು ತುಂಬಿದರೂ ನಡೆಯುತ್ತದೆ. ಈ ಕಾರಿನದು ಜಡೆ ಹೆಣೆದ ಹಾಗಿದ್ದ ಸಣ್ಣ ಸಣ್ಣ ಕೊಳವೆಗಳು. ಸೋರುವುದೂ ನಿಂತಿತು, ಹರಿಯುವುದೂ ನಿಂತಿತು. ಎರಡು ಮೈಲಿಯೊಳಗೆ ಮುಚ್ಚಳ ಹಾರಿ, ಹಳದಿ ಅಂಬಲಿ ಚಿಮ್ಮಿ ಪ್ರಭಣ್ಣನ ಕನ್ನಡಕದ ಮೇಲೆ ಕೂತಿತು. ಹದವಾಗಿ ಬೆಂದಿತ್ತು. ಉಪ್ಪೊಂದು ಕಡಿಮೆ.

ಹಗ್ಗ ಕಟ್ಟಿ, ನಮ್ಮ ಬೆನ್ನಿಗೇ ಬಂದ ಅದೇ ಡ್ರೈವರನ ಲಾರಿಯ ಹಿಂದೆ ಎಳೆಸಿಕೊಂಡು ದುರ್ಗಕ್ಕೆ ಬಂದೆವು. ಮಂಡಿಯ ಮುಂದೆ ಹಮಾಲರೆಲ್ಲ ಮೂಟೆ ಇಳಿಸಿ ನೋಡುತ್ತಾ ನಿಂತರು. ಮಲ್ಲಣ್ಣ ಯಜಮಾನರು ಬೈಯಲಿಲ್ಲ. ಅವರು ಬೈಯುವ ಪೈಕಿಯಲ್ಲ. ಆ ಸುಮಾರಿನಲ್ಲೇ ಪೆಟ್ರೋಲಿನ ಬೆಲೆ ಒಮ್ಮೆಗೇ ಏರಿ ಊರಿನ ಅರ್ಧ ಕಾರುಗಳು ಮೂಲೆ ಸೇರಿದ್ದವು. ಅವರು ಮಗನನ್ನು ಕರೆದು ಮೆಲ್ಲಗೆ ಹೇಳಿದ್ದಿಷ್ಟೆ. ಬರುವ ಸೋಮವಾರ ಹೊಳಲ್ಕೆರೆ ಮೇಲೆ ಹೊಸದುರ್ಗದ ಮಂಡಿಗೆ ಹೋಗಿ, ಹತ್ತಿಯ ಮಾದರಿ ತೆಗೆದುಕೊಂಡು ಇದೇ ಕಾರಿನಲ್ಲಿ ಬಾ. ಹಬೆ ಕಾಣದ ಹಾಗೆ ಬಂದರೆ ಇಟ್ಟುಕೋ. ಇನ್ನೊಂದು ಸಲ ಇದರ ಮೂತಿಯಿಂದ ಹಬೆ ಕಂಡರೆ, ಆ ದಿನವೇ ಇದು ಕಾರಲ್ಲ.

ಪ್ರಭಣ್ಣ ಗ್ಯಾರೇಜಿಗೆ ಬಂದು, ಹಲ್ಲಿಗೆ ಅರಿಶಿನ ಹತ್ತಿದ್ದರೂ ಗೊತ್ತಿಲ್ಲದೆ, ನನ್ನ ಮುಂದೆ ಕೂತ. "ಓಬ, ಮೇಸ್ತ್ರಿ ಕೈಗೆ ಕೊಡಲ್ಲ ಕಣೋ ಇನ್ನ. ನೀನೇ ಮಾಡು. ಇದು ಹೋದ್ರೆ ನಾನು ಸಾಯೋವರೆಗೂ ಹತ್ತಿ ಮೂಟೆ ಮೇಲೆ ಕುಂತಿರ್ತೀನಿ."

ನನಗೂ ಅಷ್ಟೇ. ಆ ಕಾರು ಹೋದರೆ ಉಳಿದದ್ದು ಲಾರಿಯ ಗ್ರೀಸು. ಅದರ ಎಂಜಿನ್ ಸರಿಯಿದ್ದಾಗ ಹಾಡುವ ಬಗೆಯನ್ನು ನಾನು ಒಮ್ಮೆ ಕೇಳಿಬಿಟ್ಟಿದ್ದೆ, ಇನ್ನು ಮರೆಯುವುದೆಲ್ಲಿ.

ಮೊದಲು ಅಂಬಲಿ. ರೇಡಿಯೇಟರ್ ಬಿಚ್ಚಿ ತಲೆಕೆಳಗೆ ಮಾಡಿ ನೀರು ಹಾಯಿಸಿದರೆ ಹನಿ ಇಳಿಯಲೊಲ್ಲದು. ಅದಕ್ಕೂ ಹಿಂದಿನ ಪಾಪ ಬೇರೆ ಇತ್ತು, ನಮ್ಮ ಕಡೆಯ ಗಡುಸು ಬಾವಿ ನೀರು ಒಳಗೆಲ್ಲ ಬಿಳಿ ಹೆಕ್ಕಳ ಕಟ್ಟಿತ್ತು. ವಾಷಿಂಗ್ ಸೋಡಾ ಹಾಕಿ ಕುದಿಸು ಎಂದ ಮೇಸ್ತ್ರಿ. ನಾನು ಕೇಳಲಿಲ್ಲ. ರೇಡಿಯೇಟರ್ ಎಂದರೇನು, ಹಿತ್ತಾಳೆ ತಾನೇ? ನಮ್ಮವ್ವ ಹಿತ್ತಾಳೆ ಕೊಡ ಹೇಗೆ ಬೆಳಗುತ್ತಾಳೆ? ಪ್ರಭಣ್ಣ ಮನೆಯ ಉಗ್ರಾಣದಿಂದ ವರ್ಷಕ್ಕಾಗುವ ಹುಣಸೆಹಣ್ಣನ್ನೇ ಎತ್ತಿಕೊಂಡು ಬಂದ. ಹಂಡೆಯಲ್ಲಿ ಕಿವುಚಿ, ಬಿಸಿ ಮಾಡಿ, ಸೋಸಿ, ಒಳಗೆ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸುರಿದರೆ ಬಂತು ನೋಡಿ, ರಾಗಿ, ಅರಿಶಿನ, ಸುಣ್ಣ, ಇಂಗ್ಲಿಷರ ಕಾಲದ ತುಕ್ಕು. ಇಡೀ ಬೀದಿ ಸಾರಿನ ವಾಸನೆ. ಹೋಟೆಲ್ಲಿಗೆ ಹೋಗುತ್ತಿದ್ದ ಇಬ್ಬರು ನಮ್ಮಲ್ಲಿಗೆ ತಿರುಗಿ ಊಟವಿದೆಯೇ ಎಂದು ಕೇಳಿದರು. ರೇಡಿಯೇಟರಿನ ಒಳಗೆ ದೀಪ ಹಿಡಿದರೆ ಬಂಗಾರ. ಬಿಟ್ಟ ಬೆಸುಗೆಯನ್ನು ಹೊಸದಾಗಿ ಹಾಕಿದೆ.

ಆಮೇಲೆ ಆ ಹಿತ್ತಾಳೆಯ ಬಾಗಿಲು. ಇದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು, ನೀವು ಒಂದು ನಿಮಿಷದಲ್ಲಿ ತಿಳಿದುಕೊಳ್ಳಿ. ಆ ಎಂಜಿನ್ನಿನಲ್ಲಿ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುವ ದೊಡ್ಡ ದಾರಿ, ಇನ್ನೊಂದು ಎಂಜಿನ್ನಿನೊಳಗೇ ಸುತ್ತಿ ಬರುವ ಅಡ್ಡದಾರಿ. ಥರ್ಮೋಸ್ಟ್ಯಾಟ್ ದೊಡ್ಡ ದಾರಿಯನ್ನು ತೆರೆಯುವಾಗಲೇ ತನ್ನ ಮೈಯಿಂದ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ? ನೀರೂ ನಮ್ಮ ಮಂದಿಯ ಹಾಗೆಯೇ, ಅಡ್ಡದಾರಿ ತೆರೆದಿದ್ದರೆ ಅದರಲ್ಲೇ ನುಗ್ಗುತ್ತದೆ. ಕುದಿಯುವ ನೀರು ಕುದಿಯುವಲ್ಲಿಗೇ ಸುತ್ತಿ ಸುತ್ತಿ ಬರುತ್ತಿತ್ತು, ರೇಡಿಯೇಟರ್ ಪಾಪ ತಣ್ಣಗೆ ಕೂತಿತ್ತು. ತಂಪಾಗಲಿ ಎಂದು ಕಿತ್ತದ್ದೇ ಕಾರನ್ನು ಕುದಿಸಿತ್ತು.

ಮೇಸ್ತ್ರಿಗೆ ಇದನ್ನು ಹೇಳಿದೆ. ಹೇಳಿದೆನೇನು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದೆ. ತೋರಣ ಇಳಿಸಿ, ಅದರಲ್ಲಿ ಆ ಕಾರಿನದನ್ನು ಹುಡುಕಿ ತೆಗೆದು, ಪಕ್ಕದ ಟೀ ಅಂಗಡಿಯ ಕುದಿಯುವ ಪಾತ್ರೆಗೆ ಅದ್ದಿದೆ. ಎಲ್ಲರ ಮುಂದೆ ಮೆಲ್ಲಗೆ ಬಾಯಿ ತೆರೆಯಿತು. ತಣ್ಣೀರಿಗೆ ಹಾಕಿದೆ, ಮುಚ್ಚಿತು. ಟೀ ಅಂಗಡಿಯವನು ಇನ್ನೊಮ್ಮೆ ತೋರಿಸು ಎಂದ.

ಮೇಸ್ತ್ರಿ ನೋಡಿದ. ನೋಡಿ ಏನೆಂದ ಗೊತ್ತೇ? "ಇರ್ಲಿ ಬಿಡ್ಲೇ. ನಾನು ಇಪ್ಪತ್ತು ವರ್ಷದಿಂದ ಕೀಳ್ತಿದೀನಿ, ಯಾವನೂ ಬಂದು ಕೇಳಿಲ್ಲ."

ಕೇಳಲು ಬರುವವರು ಹೇಗೆ ಬರುತ್ತಾರೆ? ಅವರ ಕಾರುಗಳೆಲ್ಲ ಹಿರಿಯೂರಿನ ದಾರಿಯಲ್ಲಿ ಕುದಿಯುತ್ತಾ ನಿಂತಿದ್ದವು. ಹುಡುಗರೇ, ನಿಮಗೂ ಇಂಥ ಮೇಸ್ತ್ರಿಗಳು ಸಿಗುತ್ತಾರೆ. ತಪ್ಪು ತಿಳಿಯದವರಲ್ಲ ಅವರು. ಕಣ್ಣ ಮುಂದೆ ಅದು ಬಾಯಿ ತೆರೆದು ತೋರಿಸಿದರೂ ಮತ್ತೆ ತೋರಣ ಕಟ್ಟುವವರು. ಅವನು ಸಂಜೆಯೇ ಕಟ್ಟಿದ, ಒಂದು ಕಡಿಮೆ ಇದ್ದದ್ದಕ್ಕೆ ನಡುವೆ ಒಂದು ನಟ್ಟು ಪೋಣಿಸಿ.

ಆ ಒಂದನ್ನು ನಾನು ಕಾರಿನಲ್ಲಿ ಅದರ ಜಾಗಕ್ಕೇ ಮತ್ತೆ ಕೂರಿಸಿದ್ದೆ. ಉಳಿದದ್ದು ಗಾಳಿ. ನೀರು ತುಂಬುವಾಗ ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಎಲ್ಲ ಕೆಲಸವೂ ನೀರುಪಾಲು. ಕಾರಿನ ಮೂತಿ ಮೇಲಿರಬೇಕು, ಬಾಲ ಕೆಳಗಿರಬೇಕು, ಆಗ ಗಾಳಿ ತಾನಾಗಿ ಬಾಯಿಗೆ ಬರುತ್ತದೆ. ನಮ್ಮಲ್ಲಿ ಅಂಥ ಇಳಿಜಾರು ಇರಲಿಲ್ಲ. ಗ್ಯಾರೇಜಿನ ಹಿಂದೆ ಎಮ್ಮೆ ಸಾಕಿದ್ದ ನಿಂಗಜ್ಜಿಯ ತಿಪ್ಪೆ ಇತ್ತು, ಒಳ್ಳೆ ಗಟ್ಟಿ ತಿಪ್ಪೆ. ಹಲಗೆ ಹಾಸಿ ಮುಂದಿನ ಎರಡು ಚಕ್ರ ಹತ್ತಿಸಿದೆವು. ಕೆಂಪು ಕಾರು ಕೋಳಿಯ ಹಾಗೆ ಕತ್ತೆತ್ತಿ ನಿಂತಿತು. ನಿಂಗಜ್ಜಿ ಸೊಂಟಕ್ಕೆ ಕೈಯಿಟ್ಟು, ಈ ಗೊಬ್ಬರ ಹಿರೇಗುಂಟನೂರಿನ ಹೊಲಕ್ಕೆ ಹೋಗಬೇಕಾದ್ದು, ನಿಮ್ಮ ಪೆಟ್ರೋಲು ಬಿದ್ದು ರಾಗಿ ಹುಟ್ಟದಿದ್ದರೆ ಏನು ಮಾಡ್ತೀರಿ ಎಂದು ದಬಾಯಿಸಿದಳು. ಪ್ರಭಣ್ಣ ಮುಂದಿನ ವರ್ಷ ಪೆಟ್ರೋಲಿನಲ್ಲೇ ಓಡುವ ರಾಗಿ ಬರುತ್ತದಜ್ಜಿ ಎಂದ. ಅವಳು ಸಗಣಿಯ ಉಂಡೆ ಎತ್ತಿಕೊಂಡಳು, ಅಲ್ಲಿಗೆ ಹಾಸ್ಯ ಮುಗಿಯಿತು. ಕಾಯಿಸಿ ಆರಿಸಿದ ನೀರನ್ನು ಚೊಂಬು ಚೊಂಬಾಗಿ ಹೊಯ್ದೆ. ಗುಳ್ಳೆ ಬಂತು, ಇನ್ನೊಂದು ಬಂತು, ಆಮೇಲೆ ಹಸುವಿನ ತೇಗಿನಂಥದ್ದೊಂದು ಬಂತು. ಎಂಜಿನ್ ಹಾಕಿದೆ. ಗುಳುಗುಳು ಇಲ್ಲ. ಮುಳ್ಳು ನಡುವಿಗೆ ಬಂದು ನಿಂತಿತು, ಮೊಳೆ ಹೊಡೆದ ಹಾಗೆ.

ಸೋಮವಾರ ಹೊರಟೆವು. ಹೊಳಲ್ಕೆರೆಯ ತನಕ ಮುಳ್ಳು ಅಲುಗಲಿಲ್ಲ. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಓಡುವ ಕಾರಿಗೆ ಎದುರುಗಾಳಿಯೇ ಬೀಸಣಿಗೆ, ನಿಂತ ಕಾರಿಗೆ ಅದಿಲ್ಲ. ರೈಲಿಗೆ ಆ ದಿನ ಯಾವ ಅವಸರವೂ ಇರಲಿಲ್ಲ. ಮುಳ್ಳು ಏರಿತು. ಪ್ರಭಣ್ಣನ ಮುಖದ ಬಣ್ಣ ಇಳಿಯಿತು. ನಾನು ಕೈ ಹಾಕಿ, ಆ ಎಸ್ಟೇಟಿನ ಬಿಳಿಯನು ಬೆಟ್ಟದ ಚಳಿಗೆಂದು ಹಾಕಿಸಿಕೊಂಡಿದ್ದ ಹೀಟರನ್ನು ಪೂರ್ತಿ ತೆರೆದೆ. ಏಪ್ರಿಲ್ ತಿಂಗಳು, ನೆತ್ತಿಯ ಮೇಲೆ ಸೂರ್ಯ, ನಾನು ಹೀಟರ್ ಹಾಕಿದೆ.

"ನಿನಗೇನು ತಲೆ ಕೆಟ್ಟೈತೇನ್ಲೇ, ಕಾಲು ಸುಡ್ತೈತೆ," ಎಂದು ಪ್ರಭಣ್ಣ ಸೀಟಿನ ಮೇಲೆ ಕಾಲೆತ್ತಿಕೊಂಡ.

"ಕಾಲು ನಿನ್ದು, ಎಂಜಿನ್ ಇಬ್ಬರ್ದು. ಸುಮ್ನೆ ಕುಂತ್ಕ," ಎಂದೆ.

ಹೀಟರ್ ಎಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಕದ್ದು ನಮ್ಮ ಕಾಲಿಗೆ ಸುರಿಯುತ್ತದೆ. ಮುಳ್ಳು ನಿಂತಿತು, ಆಮೇಲೆ ಇಳಿಯಿತು. ಗೇಟು ತೆರೆಯುವ ಹೊತ್ತಿಗೆ ನಮ್ಮ ಪಾದಗಳು ಹಪ್ಪಳ. ಗೇಟಿನವನು ಆ ಇಬ್ಬರು ಕಾರಿನಲ್ಲಿ ಕುಣಿಯುತ್ತಾ ಹೋದರೆಂದು ಬಹಳ ದಿನ ಹೇಳಿಕೊಂಡು ತಿರುಗಿದನಂತೆ. ಅಂತೆ ಅಲ್ಲ, ನಾನೇ ಹಬ್ಬಿಸಿದೆ.

ಹೊಸದುರ್ಗದಲ್ಲಿ ಮಾದರಿ ತೆಗೆದುಕೊಂಡೆವು, ಮಜ್ಜಿಗೆ ಕುಡಿದೆವು, ತಿರುಗಿದೆವು. ದಾರಿಯುದ್ದಕ್ಕೂ ಆ ಎಂಜಿನ್ ಹಾಡಿತು. ಪ್ರಭಣ್ಣ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನಾನು ಮಾತಾಡದೆ ಕಳೆದ ಇನ್ನೊಂದು ಮಧ್ಯಾಹ್ನ ನನಗೆ ನೆನಪಿಲ್ಲ. ಊರು ಹತ್ತಿರವಾದಾಗ ಅವನಿಗೆ ತಡೆಯಲಾಗದೆ ಏರಿನಲ್ಲಿ ಒತ್ತಿ ಓಡಿಸಿದ. ಓಡಿಸಲಿ ಎಂದು ನಾನೂ ಬಿಟ್ಟೆ. ಮಂಡಿಯ ಅಂಗಳಕ್ಕೆ ಬಂದು ನಿಂತಾಗ ಮುಳ್ಳು ನಡುವಿನಿಂದ ಒಂದು ಕೂದಲಷ್ಟು ಮೇಲಿತ್ತು, ಅಷ್ಟೆ. ಹಬೆಯ ಎಳೆ ಕೂಡ ಇಲ್ಲ. ಹಮಾಲರು ಸುತ್ತ ನೆರೆದರು. ಪ್ರಭಣ್ಣ ಗೆದ್ದ ಪೈಲ್ವಾನನ ಹಾಗೆ ಇಳಿದು ಅಪ್ಪನನ್ನು ಕರೆಯಲು ಒಳಗೆ ಓಡಿದ.

ನಾನು ಎಂಜಿನ್ ಆರಿಸಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ಬಿಸಿಲಿನಲ್ಲಿ ಏರು ಹತ್ತಿ ಬಂದ ಎಂಜಿನ್ನನ್ನು ತಟ್ಟನೆ ಆರಿಸಿದರೆ ನೀರಿನ ಪಂಪೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ, ಆದರೆ ಕಬ್ಬಿಣದೊಳಗಿನ ಬಿಸಿ ನಿಲ್ಲುವುದಿಲ್ಲ. ಅದೆಲ್ಲ ನಿಂತ ನೀರಿಗೆ ನುಗ್ಗುತ್ತದೆ. ಅದಕ್ಕೇ ಎರಡು ನಿಮಿಷ ಸುಮ್ಮನೆ ತಿರುಗಲು ಬಿಡಬೇಕು, ದಣಿದ ಎತ್ತನ್ನು ನೊಗದಿಂದ ಬಿಟ್ಟು ಸ್ವಲ್ಪ ನಡೆದಾಡಿಸುವ ಹಾಗೆ. ನಾನು ಬಾನೆಟ್ ಎತ್ತಲು ಮುಂದಕ್ಕೆ ಹೋಗಿದ್ದೆ.

ಮಲ್ಲಣ್ಣ ಯಜಮಾನರು ಹೊರಗೆ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಕಾರಿನ ಸುತ್ತ ಒಂದು ಸುತ್ತು ಬಂದರು. ಮೂತಿ ನೋಡಿದರು, ಕೆಳಗೆ ಬಗ್ಗಿ ನೋಡಿದರು. ಹಬೆಯಿಲ್ಲ, ಹನಿಯಿಲ್ಲ. ಅವರ ಮುಖ ಸಡಿಲವಾದದ್ದನ್ನು ನಾನು ಕಂಡೆ, ಆಣೆ ಮಾಡಿ ಹೇಳುತ್ತೇನೆ, ಕಂಡೆ. ಆಮೇಲೆ ಅವರ ಕಿವಿಗೆ ಎಂಜಿನ್ನಿನ ಸದ್ದು ಬಿತ್ತು.

"ಗಾಡಿ ನಿಂತೈತೆ, ಪೆಟ್ರೋಲ್ ಯಾಕೆ ಉರಿತೈತೆ?" ಎಂದರು. ಬಾಗಿಲಿನ ಮೇಲಿಂದಲೇ ಕೈ ಚಾಚಿ ಕೀಲಿ ತಿರುಗಿಸಿದರು.

"ಬ್ಯಾಡ್ರೀ ಯಜಮಾನ್ರೇ," ಎಂದೆ. ಅಷ್ಟರಲ್ಲಿ ನಿಂತಾಗಿತ್ತು.

ಒಂದು ಗಳಿಗೆ ಏನೂ ಇಲ್ಲ. ಪ್ರಭಣ್ಣ ಇನ್ನೂ ನಗುತ್ತಲೇ ಇದ್ದ. ಆಮೇಲೆ ಹೊಟ್ಟೆಯೊಳಗಿಂದ ಸದ್ದು ಶುರುವಾಯಿತು. ಗೊರ, ಗೊರಗೊರ. ಮುಚ್ಚಳ ನಡುಗಿ ಸುಯ್ ಎಂದು ಹಬೆ ಎದ್ದಿತು. ಆ ಹಬೆಯ ಜೊತೆ ನಾಲ್ಕು ಚೊಂಬು ಬಿಸಿನೀರು ಉಕ್ಕಿ, ನೆಲಕ್ಕೆ ಬಿದ್ದು, ಯಜಮಾನರ ಬಿಳಿ ಪಂಚೆಯ ಅಂಚಿಗೆ ತಾಗಿತು. ಹಮಾಲರು ಹಿಂದೆ ಸರಿದರು.

ನಾನು ಹೇಳಿದೆ. ಪಂಪು, ಫ್ಯಾನು, ನಿಂತ ನೀರು, ಎರಡು ನಿಮಿಷ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಇದು ಕಾರಿನ ತಪ್ಪಲ್ಲ, ನೀವು ಆರಿಸಿದ್ದಕ್ಕೆ ಹೀಗಾಯಿತು ಎಂದೂ ಹೇಳಿದೆ. ಮಂಡಿಯ ಅಂಗಳದಲ್ಲಿ ಅವರಿಗೆ ಹಾಗೆ ಯಾರೂ ಹೇಳಿರಲಿಲ್ಲ. ಅವರು ಪಂಚೆ ಕೊಡವಿಕೊಂಡು ಪೂರ್ತಿ ಕೇಳಿದರು.

"ಒಲೆ ಆರಿಸಿದ್ಮೇಲೆ ಹಾಲು ಉಕ್ಕಿದ್ದು ನಾನೆಲ್ಲೂ ನೋಡಿಲ್ಲ ಕಣಪ್ಪ," ಎಂದರು, ಸಿಟ್ಟಿಲ್ಲದೆ. ಮಗನ ಕಡೆ ತಿರುಗಲೂ ಇಲ್ಲ. "ನಾಳೆ ಇದರ ಎಂಜಿನ್ ಬಿಚ್ಚು. ತುರುವನೂರು ತೋಟದ ಬಾವಿ ಮುಂದೆ ಕೂರ್ಸು. ಸೀಮೆಎಣ್ಣೆಗೆ ಓಡಾ ಹಂಗೆ ಮಾಡು. ನೀರೆತ್ತಲಿ, ತನಗೆ ಬೇಕಾದಷ್ಟು ಕುಡೀಲಿ."

"ಅಪ್ಪಾಜಿ," ಎಂದ ಪ್ರಭಣ್ಣ.

ಅವರು ಕೀಲಿಯನ್ನು ಕಿತ್ತು ಅವನಿಗೆ ಕೊಡದೆ ನನ್ನ ಅಂಗೈಯಲ್ಲಿಟ್ಟರು. ಪಂಚೆ ಬದಲಿಸಲು ಒಳಗೆ ಹೋದರು. ಪ್ರಭಣ್ಣ ಅವರ ಬೆನ್ನಿಗೇ ಓಡಿದ. ಹಮಾಲರು ಮೂಟೆಗಳಿಗೆ ಮರಳಿದರು. ನಾನು ಬಗ್ಗಿ ನೋಡಿದೆ. ಆ ಕಾಲದ ಮುಳ್ಳಿಗೆ ಕರೆಂಟು ಬೇಡ, ಕೀಲಿ ಇಲ್ಲದಿದ್ದರೂ ಬಿಸಿ ತೋರಿಸುತ್ತದೆ. ಗೊರಗೊರ ನಿಂತಿತ್ತು, ಹಬೆ ಆರಿತ್ತು, ಮುಳ್ಳು ಇಳಿದು ನಡುವಿಗೆ ಬಂದು ಕೂತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲ.